ಹದಿನೇಳು ದಾರಿಗಳ ಮೇಸ್ತ್ರಿ

ನಮ್ಮ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಕಂಪ್ಯೂಟರಿನ ಮುಂದೆ ಕೂತು ನನ್ನ ಕಡತಗಳೆಲ್ಲ ಇದ್ದ ಜಾಗದಲ್ಲೇ ಇವೆಯೇ ಎಂದು ನೋಡಿದ್ದು. ಎಲ್ಲ ಇದ್ದವು. ಅಳು ಬಂದದ್ದು ಆಮೇಲೆ. ಇಂಥ ಗಾಬರಿಯನ್ನು ನನಗೆ ಅಂಟಿಸಿದವರು ಅವರೇ, ಹಾಗಾಗಿ ಅವರು ಇದನ್ನು ತಪ್ಪು ತಿಳಿಯುತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾದರೆ ಅದರಿಂದ ಏನು ತಾಪತ್ರಯ ಬಂದೀತೋ ಎಂದು ಸ್ವಂತ ಮಗಳ ಲಗ್ನಪತ್ರಿಕೆಯಲ್ಲೂ ಅದನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಹಾಕಿಸಿದ್ದ ಮನುಷ್ಯ. ಬನಹಟ್ಟಿಯ ನಮ್ಮ ಪ್ರೆಸ್ಸಿನಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ. ಬಹಳ ವರ್ಷ ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡಿ, ಕಿವಿ ಸ್ವಲ್ಪ ಮಂದವಾದ ಮೇಲೆ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದವರು. ಮಗ್ಗದ ಮುಂದೆ ನಿಂತು ರೂಢಿಯಾಗಿದ್ದರಿಂದ ಕೀಲಿಮಣೆಯ ಮುಂದೆಯೂ ನಿಂತೇ ಇರುತ್ತಿದ್ದರು. ಅವರಿಗೆಂದು ತಂದಿಟ್ಟ ಕುರ್ಚಿಯ ಮೇಲೆ ಕಾಗದದ ರೀಮುಗಳು ಕೂತಿರುತ್ತಿದ್ದವು.

ಹೆದರಿಕೆ ಅವರ ಹುಟ್ಟುಗುಣ. ಮನೆ ರಬಕವಿಯಲ್ಲಿ. ಪ್ರೆಸ್ಸಿನ ಬಾಗಿಲು ಹಾಕಿ ಅರ್ಧ ದಾರಿ ಹೋಗಿ, ಕೀಲಿ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುತ್ತಿದ್ದರು. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳಿ, ಬಸ್ಸು ಬಿಟ್ಟ ಮೇಲೂ ಕಿಟಕಿಯಾಚೆ ನೋಡುತ್ತಲೇ ಇರುತ್ತಿದ್ದರು. ಕಂಪ್ಯೂಟರಿನಲ್ಲಿ ಕೆಲಸ ಮುಗಿದಾಗ ಸೇವ್ ಗುಂಡಿಯನ್ನು ಮೂರು ಸಲ ಒತ್ತಿ, ಮಾನಿಟರಿನ ನೆತ್ತಿಯ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುವರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ನಾವು ಹಿಂದೆ ನಕ್ಕರೆ ಅವರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಬಿಡುವವರಲ್ಲ.

ನಾನು ಅಲ್ಲಿ ಟೈಪ್ ಮಾಡುವವಳು. ಲಗ್ನಪತ್ರಿಕೆ, ಸೀರೆ ಡಬ್ಬಿಯ ಲೇಬಲ್ಲು, ಸಂಘದ ವರದಿ, ಏನೇ ಬಂದರೂ ಮೊದಲು ಅಕ್ಷರ ಕೂರಿಸುವುದು ನನ್ನ ಪಾಲು. ಬಣ್ಣ ಬೆಡಗು ಏನೂ ಇಲ್ಲದೆ ಬರೀ ಅಕ್ಷರವನ್ನಷ್ಟೇ ಬರೆಯಿಸಿಕೊಳ್ಳುವ ಒಂದು ಹಳೆಯ ಟೆಕ್ಸ್ಟ್ ಎಡಿಟರ್ ನಮ್ಮಲ್ಲಿತ್ತು. ಮೇಸ್ತ್ರಿ ದಿನಕ್ಕೆ ಹತ್ತು ಸಲವಾದರೂ ನನ್ನ ಹಿಂದೆ ಬಂದು ನಿಲ್ಲುವರು.

"ಸೇವ್ ಮಾಡೀದಿ?"

"ಮಾಡೇನ್ರಿ ಮೇಸ್ತ್ರಿ."

"ಮಾಡೀದಿ ಖರೆ. ಎಲ್ಲಿ ಮಾಡೀದಿ?"

"ಅದ ಇಡತೈತಲ್ರಿ ಎಲ್ಲೋ ಒಂದ ಕಡೆ."

"ಎಲ್ಲೋ ಅನ್ನೂ ಊರು ಯಾ ತಾಲೂಕಿನ್ಯಾಗೂ ಇಲ್ಲ, ತಂಗಿ."

ನನಗೆ ಸಿಟ್ಟು ಬರುತ್ತಿತ್ತು. ಬೆನ್ನ ಹಿಂದೆ ನಿಲ್ಲುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದ ಆಗದು. ಮೇಸ್ತ್ರಿಯ ಮನಸ್ಸು ಬೆಳ್ಳಗಿದೆ ಎಂದು ಗೊತ್ತಿದ್ದರೂ ಭುಜ ತಾನಾಗಿ ಬಿಗಿಯುತ್ತಿತ್ತು. ಉತ್ತರ ಕೊಟ್ಟು ಕಳಿಸಿದರೆ ಸಾಕು ಎಂದು ಮುಖ ತಿರುಗಿಸಿ ಏನೋ ಒಂದು ಹೇಳಿಬಿಡುತ್ತಿದ್ದೆ.

ಕಂಪ್ಯೂಟರುಗಳ ಹಳೆಯ ಆಪರೇಟಿಂಗ್ ಸಿಸ್ಟಮ್ ಇನ್ನು ನಡೆಯುವುದಿಲ್ಲ ಎಂದಾದಾಗ ನಮ್ಮ ಸಾವಕಾರರು, ಅಂದರೆ ಪ್ರೆಸ್ಸಿನ ಯಜಮಾನರು, ಎಲ್ಲಕ್ಕೂ ಬೇರೆ ಸಿಸ್ಟಮ್ ಹಾಕಿಸುವುದೆಂದು ತೀರ್ಮಾನ ಮಾಡಿದರು. ಮೇಸ್ತ್ರಿಗೆ ನಾಲ್ಕು ದಿನ ಊಟ ಸೇರಲಿಲ್ಲ. ನಮ್ಮ ಎಡಿಟರ್ ಹೊಸ ಸಿಸ್ಟಮ್ಮಿನಲ್ಲಿ ತೆರೆದುಕೊಂಡಿತು, ಆದರೆ ಶಬ್ದಕೋಶ ಸಿಗಲಿಲ್ಲ ಎಂದಿತು, ಕೀಲಿಮಣೆಯ ವಿನ್ಯಾಸ ಸಿಗಲಿಲ್ಲ ಎಂದಿತು, ಬರೆದದ್ದನ್ನು ಇಡಲು ಜಾಗವಿಲ್ಲ ಎಂದಿತು. ಯಾವುದು ಎಲ್ಲಿದೆ ಎಂಬುದನ್ನು ಅದರೊಳಗೆ ಮೊದಲೇ ಬರೆದಿಟ್ಟಿರುತ್ತಾರಂತೆ. ಅದೆಲ್ಲ ಹಳೆಯ ಸಿಸ್ಟಮ್ಮಿನ ವಿಳಾಸ.

"ಅಲ್ಲಿ ಊರಿಗೆ ನಾಕ ಅಗಸಿ ಬಾಗಲಾ ಇದ್ವು ನೋಡ" ಎಂದು ಅವರು ನನಗೆ ತಿಳಿಸಿ ಹೇಳಿದರು. "ಸಿ ಅಗಸಿ, ಡಿ ಅಗಸಿ, ಹಿಂಗ. ಇಲ್ಲಿ ಒಂದ ಅಗಸಿ. ಯಾ ಓಣಿಗೆ ಹೋಗೂದಿದ್ರೂ ಅದರಾಗಿಂದನ ಹಾಯಬೇಕು. ನಮ್ಮ ಎಡಿಟರ್ ಬಡವಾ, ಇನ್ನೂ ಡಿ ಅಗಸಿ ಹುಡುಕಾಕತ್ತೈತಿ."

ಎರಡು ತಿಂಗಳು ಅವರು ಆ ಎಡಿಟರಿನ ಹೊಟ್ಟೆ ಬಗೆದರು. ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್ಕು. ಎಡಗಡೆಯ ಹಾಳೆಯಲ್ಲಿ ಹಳೆಯ ದಾರಿ, ಬಲಗಡೆ ಹೊಸ ದಾರಿ. ಒಟ್ಟು ಹದಿನೇಳು. ಒಂದೊಂದನ್ನೂ ಬದಲಿಸಿ, ಓಡಿಸಿ ನೋಡಿ, ಸರಿಹೋದ ಮೇಲೆ ಕೆಂಪು ಗೆರೆ ಎಳೆಯುವರು. ಶಬ್ದಕೋಶ ಸಿಕ್ಕ ದಿನ ನಮಗೆಲ್ಲ ಚುರಮುರಿ ತಿನ್ನಿಸಿದರು. ತಾವು ಮಾತ್ರ ತಿನ್ನಲಿಲ್ಲ, ನಾಳೆ ಮತ್ತೆ ಕಳೆದರೆ ಎಂದು.

ಒಂದು ಅಮಾವಾಸ್ಯೆಯ ಮರುದಿನ ಎಲ್ಲ ಕಂಪ್ಯೂಟರುಗಳಿಗೂ ಅದನ್ನು ಹಾಕಿದರು. ಅಮಾವಾಸ್ಯೆಯನ್ನು ಹೇಳಲು ಕಾರಣವಿದೆ. ನಮ್ಮ ಪ್ರೆಸ್ಸಿನಲ್ಲಿ ಕಂಪ್ಯೂಟರು ಪೂರ್ತಿ ಬಂದ್ ಆಗುತ್ತಿದ್ದದ್ದು ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆಗೆ. ಊರಿನ ಮಗ್ಗಗಳಿಗೆ ಮಾಡುವ ಹಾಗೆ ಅವತ್ತು ಎಲ್ಲ ಮಷೀನು ನಿಲ್ಲಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿಯಾದ ಮೇಲೆ ಚಾಲೂ ಮಾಡಿ, ಮತ್ತೆ ರಜೆ. ಉಳಿದ ದಿನ ಪರದೆ ಕಪ್ಪಾಗುತ್ತಿತ್ತೇ ಹೊರತು ಮಷೀನು ನಿಲ್ಲುತ್ತಿರಲಿಲ್ಲ, ಕರೆಂಟ್ ಹೋದರೆ ಬ್ಯಾಟರಿ ಇತ್ತು. ನಿಲ್ಲಿಸಿದ್ದು ಮತ್ತೆ ಏಳದಿದ್ದರೆ ಏನು ಗತಿ ಎಂಬುದು ಮೇಸ್ತ್ರಿಯ ಭಯ.

ಅದೇ ತಿಂಗಳು ನಮ್ಮಪ್ಪ ನನ್ನ ಮನೆಗೆ ಬಂದಿದ್ದ. ಸಾವಳಗಿ ಕಡೆಯವರು ನಾವು, ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಪ್ಪ ಡೊಳ್ಳಿನ ಹಾಡುಗಾರ. ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳು ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಣ್ಣ ತಂದು ಬಿಟ್ಟುಹೋದ. ಮನೆಯಲ್ಲಿ ಒಬ್ಬನೇ ಕೂತು ಬೇಸತ್ತು ಮಧ್ಯಾಹ್ನ ಊಟದ ಹೊತ್ತಿಗೆ ಕರಿ ಕನ್ನಡಕ ಹಾಕಿಕೊಂಡು ಪ್ರೆಸ್ಸಿಗೆ ಬರುತ್ತಿದ್ದ. ಎರಡನೆಯ ದಿನ ತಾನಾಗಿ ಹಾಡಲು ಸುರುಮಾಡಿದ. ಇಡೀ ಕಥೆ, ಬೀರಪ್ಪ ಹುಟ್ಟಿದಲ್ಲಿಂದ. ನಾನು ಮೊಬೈಲ್ ತೆಗೆದೆ.

"ಡಬ್ಬಿಗೆ ಹಾಡಂಗಿಲ್ಲ ನಾ" ಎಂದ ಅಪ್ಪ. "ಎದುರಿಗೆ ಮನಷ್ಯಾ ಕುಂತ್ರ ಹಾಡತೇನಿ."

ಮೊಬೈಲ್ ಒಳಗಿಟ್ಟು ಅವನ ಎದುರಿಗೆ ಕೂತೆ, ಕೈ ಕೀಲಿಮಣೆಯ ಮೇಲೆ. ಅವನು ನಿಧಾನಕ್ಕೆ ಹಾಡುವವನು, ನಾನು ಜೋರಾಗಿ ಟೈಪ್ ಮಾಡುವವಳು, ಹೊಂದಿಕೊಂಡಿತು. ಒಂದೇ ತೊಂದರೆ, ತಿರುಗಿ ಹೇಳು ಎಂದರೆ ಅಪ್ಪ ಆ ಸಾಲಿಗೆ ಬರುತ್ತಿರಲಿಲ್ಲ, ಹಾಡಿನ ಮೊದಲಿಗೇ ಹೋಗುತ್ತಿದ್ದ. ಹಾಗಾಗಿ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ಮಧ್ಯಾಹ್ನ, ಇಪ್ಪತ್ತೆರಡು ಕಡತ. ಪ್ರೆಸ್ಸಿನ ಕೆಲಸವಲ್ಲವಾದ್ದರಿಂದ ಸಾವಕಾರರಿಗೆ ಹೇಳಿರಲಿಲ್ಲ, ಉಳಿದ ಕೆಲಸದ ಹಾಗೆ ಗಿರಾಕಿಯ ಫೋಲ್ಡರಿಗೆ ಹಾಕಿರಲಿಲ್ಲ, ಬೇರೆಲ್ಲೂ ನಕಲು ಇಟ್ಟಿರಲಿಲ್ಲ. ಸೇವ್ ಒತ್ತುವುದು, ಮರುದಿನ ಎಡಿಟರ್ ತೆರೆದರೆ ನಿನ್ನೆಯ ಕಡತದ ಹೆಸರು ಅದೇ ತೋರಿಸುವುದು. ಎಲ್ಲಿದೆ ಎಂದು ಯಾರು ನೋಡುತ್ತಾರೆ?

ಅಪ್ಪ ಊರಿಗೆ ಹೋದ ಮೂರನೆಯ ದಿನಕ್ಕೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ನಾನು ಊರಿಗೆ ಹೋಗಿ ಎರಡು ದಿನ ಅಲ್ಲೇ ಇದ್ದೆ. ಅವನ ಬಾಯಿಂದ ಇನ್ನು ಏನೂ ಬರುವುದಿಲ್ಲ ಎಂದು ನನಗೆ ತಿಳಿದುಹೋಗಿತ್ತು. ಹಾಡುಗಳನ್ನು ಅಚ್ಚು ಹಾಕಿಕೊಂಡು ಬಂದು ಅವನ ಮುಂದೆ ಓದಬೇಕೆಂದು ಅಮಾವಾಸ್ಯೆಯ ಮುಂಜಾನೆ ಬನಹಟ್ಟಿಗೆ ಬಂದೆ.

ನಾನು ಬರುವಷ್ಟರಲ್ಲಿ ಸಾವಕಾರರು ಮೇನ್ ಸ್ವಿಚ್ ಇಳಿಸಿ, ಸ್ನಾನ ಮಾಡಿ, ಮಡಿ ಪಂಚೆಯಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದರು. ನಾನೂ ಬಟ್ಟೆ ಹಿಡಿದು ಒರೆಸಲು ನಿಂತೆ. ಆಗ ಫೋನ್ ಬಂತು. ಮೇಸ್ತ್ರಿ ಲೋಕಾಪುರಕ್ಕೆ ಬೀಗರ ಮದುವೆಗೆ ಹೋಗಿದ್ದರು, ಅಮಾವಾಸ್ಯೆ ಎನ್ನದೆ ಜಾತ್ರೆಯ ದಿನವೇ ಮಾಡುವ ಸಾಮೂಹಿಕ ಮದುವೆ. ಹಿಂದೆ ವಾಲಗದ ಸದ್ದು.

"ತಂಗೀ, ಮಷೀನ್ ಬಂದ್ ಮಾಡ್ಯಾರೇನು?"

"ಮಾಡ್ಯಾರ್ರಿ. ಒರಸಾಕತ್ತೇನಿ."

"ಚಾಲೂ ಮಾಡಬ್ಯಾಡ್ರಿ! ಯಾರ ಏನಂದ್ರೂ ನಿನ್ನ ಮಷೀನ್ ಚಾಲೂ ಮಾಡಬ್ಯಾಡ್ರಿ!"

ಅಷ್ಟು ದೊಡ್ಡ ದನಿ ಅವರಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಮದುವೆ ಊಟಕ್ಕೆ ಕೂತಿದ್ದಾಗ ರೂಢಿಯಂತೆ ನೋಟ್‌ಬುಕ್ಕು ತೆಗೆದು ನೋಡಿದ್ದರಂತೆ. ಹದಿನಾರು ದಾರಿಗೆ ಕೆಂಪು ಗೆರೆ. ಹದಿನೇಳನೆಯದರ ಮುಂದೆ ಪೆನ್ಸಿಲಿನಲ್ಲಿ 'ಸದ್ಯಕ್ಕ' ಎಂದು ಬರೆದದ್ದು ಹಾಗೇ ಇತ್ತು. ಜಾಗ ಹೇಳದೆ ಸೇವ್ ಮಾಡಿದರೆ ಬರೆದದ್ದು ತಾನಾಗಿ ಹೋಗಿ ಕೂರುವ ಜಾಗ ಅದು. ಪರೀಕ್ಷೆ ಮಾಡುವಾಗ ಅನುಮತಿಯ ಗೊಡವೆ ಬೇಡವೆಂದು ಅದನ್ನು ಸಿಸ್ಟಮ್ಮಿನ ತಾತ್ಕಾಲಿಕ ಫೋಲ್ಡರಿಗೆ ತಿರುಗಿಸಿದ್ದರು. ಆಮೇಲೆ ಬದಲಿಸಲು ಮರೆತಿದ್ದರು.

"ಅದು ಬಸ್ ಸ್ಟ್ಯಾಂಡ್ ಇದ್ದಂಗ ತಂಗಿ. ಯಾರ ಬೇಕಾದ್ರೂ ಗಂಟು ಇಡಬೌದು. ಆದ್ರ ಮಷೀನ್ ಏಳೂ ಮುಂದ ಮೊದಲ ಅಲ್ಲಿ ಕಸಾ ಹೊಡೀತೈತಿ. ನಿಮ್ಮಪ್ಪನ ಹಾಡೆಲ್ಲಾ ಅಲ್ಲೇ ಅದಾವ. ಚಾಲೂ ಆಗೂತನಾ ಅದಾವ. ಚಾಲೂ ಆತಂದ್ರ ಹೋದ್ವು. ನಾ ಬರಾಕತ್ತೇನಿ."

ಬಾಗಿ ಗೋಡೆಯ ಬೋರ್ಡಿನಿಂದ ನನ್ನ ಕಂಪ್ಯೂಟರಿನ ಪ್ಲಗ್ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತೆ. ಕಾಯಿ ಒಡೆಯಿತು, ಆರತಿ ಆಯಿತು. ಸಾವಕಾರರು ಒಂದೊಂದಾಗಿ ಚಾಲೂ ಮಾಡುತ್ತ ನನ್ನ ಹತ್ತಿರ ಬಂದರು.

"ಏನವಾ ಇದು? ಪೂಜಿ ಆದ ಮಷೀನ್ ಚಾಲೂ ಮಾಡಲಾರ್ದ ಬಿಡೂದು ಛಲೋ ಅಲ್ಲ. ಹಾಕ ಪ್ಲಗ್."

"ಹಾಕಂಗಿಲ್ರಿ."

ನಾನು ಅವರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅಪ್ಪನ ಹಾಡು, ಊಟದ ಹೊತ್ತಿನಲ್ಲಿ ಕದ್ದು ಮಾಡಿದ್ದು, ಎಲ್ಲ ಒದರಿಬಿಟ್ಟೆ. ಅವರು ಆರತಿ ತಟ್ಟೆ ಕೆಳಗಿಟ್ಟರು. "ಆ ಕುರುಬರ ಹಿರ್ಯಾ ದಿನಾ ಬಂದು ಹಾಡತಿದ್ದದ್ದು ನನಗ ಕೇಳಸ್ತಿರಲಿಲ್ಲ ಅಂತ ತಿಳದಿಯೇನು?" ಎಂದರು. ಆದರೂ ಅವರ ಮುಖದ ಮೇಲಿನ ಕಳವಳ ಹೋಗಲಿಲ್ಲ. ಹೊಸ್ತಿಲ ಬಳಿ ಕೂತು ಐದು ನಿಮಿಷಕ್ಕೊಮ್ಮೆ ಆ ಕಪ್ಪು ಪರದೆಯನ್ನು ನೋಡುತ್ತಿದ್ದರು, ಅದರಿಂದ ಮನೆಗೇ ಏನೋ ಕೇಡು ಬರುವಂತೆ.

ಎರಡೂವರೆ ತಾಸು ನಾನು ಪ್ಲಗ್ ಬಿಡಲಿಲ್ಲ. ಅದರ ಮೂರು ಪಿನ್ನು ಅಂಗೈಯಲ್ಲಿ ಅಚ್ಚೊತ್ತಿದ್ದವು. ಮೇಸ್ತ್ರಿ ಮುಧೋಳದಿಂದ ಒಮ್ಮೆ ಫೋನ್ ಮಾಡಿ ಬಸ್ಸು ತಪ್ಪಿತೆಂದರು. ಆಮೇಲೆ ಸುದ್ದಿಯಿಲ್ಲ. ನಾನು ಮಾಡಿದರೆ ಸ್ವಿಚ್ಡ್ ಆಫ್. ಪ್ರತಿಯೊಂದು ವಾಹನ ಹಾದಾಗಲೂ ಬಾಗಿಲ ಕಡೆ ನೋಡುತ್ತಿದ್ದೆ. ಕೊನೆಗೆ ಬಂದರು, ಮಹಾಲಿಂಗಪುರದ ತನಕ ಕಬ್ಬಿನ ಟ್ರ್ಯಾಕ್ಟರಿನಲ್ಲಿ, ಅಲ್ಲಿಂದ ಯಾರದೋ ಮೋಟರ್ ಸೈಕಲ್ಲಿನಲ್ಲಿ. ಕೂದಲಲ್ಲಿ ಅಕ್ಕಿಕಾಳು ಇನ್ನೂ ಇದ್ದವು.

ಬಂದವರೇ ಸ್ಕ್ರೂಡ್ರೈವರ್ ತೆಗೆದು ನನ್ನ ಕಂಪ್ಯೂಟರಿನ ಡಬ್ಬಿ ಬಿಚ್ಚತೊಡಗಿದರು. ಅದು ಎರಡು ಸಲ ಜಾರಿತು, ಮೂರನೆಯ ಸಲ ನಾನೇ ಇಸಿದುಕೊಂಡು ಬಿಚ್ಚಿದೆ. ಒಳಗಿನ ಡಿಸ್ಕ್ ತೆಗೆದು, ಆಗಲೇ ಚಾಲೂ ಆಗಿದ್ದ ಬೇರೆ ಕಂಪ್ಯೂಟರಿಗೆ ಹಚ್ಚಿದರು. ಹಾಗೆ ಹಚ್ಚಿದರೆ ಅದು ಬರೀ ಪೆಟ್ಟಿಗೆ, ತಾನಾಗಿ ಏಳುವುದಿಲ್ಲ, ಕಸ ಹೊಡೆಯುವುದಿಲ್ಲ. ಪರದೆಯ ಮೇಲೆ ಇಪ್ಪತ್ತೆರಡು ಹೆಸರುಗಳು ಸಾಲಾಗಿ ಬಂದವು.

ಆಗಲೂ ಅವರು ನಂಬಲಿಲ್ಲ. ಒಂದೊಂದನ್ನೂ ತೆರೆಸಿ ಮೊದಲ ಸಾಲು, ಕೊನೆಯ ಸಾಲು ಗಟ್ಟಿಯಾಗಿ ಓದಿಸಿದರು. ಮೂರು ಕಡೆ ನಕಲು ಮಾಡಿದರು. ಅಷ್ಟು ಹೊತ್ತು ತಡೆದುಕೊಂಡದ್ದು ನನ್ನ ಬಾಯಿಂದ ಆಗ ಹೊರಗೆ ಬಂತು.

"ಇಷ್ಟ ದಿನಾ ಹೆದರಿ ಏನ ಮಾಡಿದ್ರಿ ಮೇಸ್ತ್ರಿ? ಬ್ಯಾಡಾದ್ದಕ್ಕೆಲ್ಲಾ ಹೆದರಿದ್ರಿ, ಹೆದರಬೇಕಾದಲ್ಲಿ ಮರತ್ರಿ."

"ಖರೆ ಐತಿ" ಎಂದರು. ನೋಟ್‌ಬುಕ್ಕು ತೆಗೆದು ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿ, ಹೊಸ ದಾರಿ ಬರೆದು, ಎಡಿಟರಿನಲ್ಲಿ ಬದಲಿಸಿ, ಕೆಂಪು ಗೆರೆ ಎಳೆದರು. ನನಗೆ ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಸೇವ್ ಎಲ್ಲಿ ಆಗುತ್ತಿದೆ ಎಂದು ಒಮ್ಮೆ ನೋಡಿದ್ದರೆ ನಾನೂ ಹಿಡಿಯಬಹುದಿತ್ತು.

ಮರುದಿನ ಹಾಡುಗಳ ಕಟ್ಟು ಹಿಡಿದು ಹೊರಟಾಗ ಮೇಸ್ತ್ರಿ ತಾವೂ ಬರುತ್ತೇನೆಂದರು. ಅಪ್ಪ ಹಗ್ಗ ಹೆಣೆದ ಹೊರಸಿನ ಮೇಲೆ ಒರಗಿದ್ದ. ನಾನು ಓದತೊಡಗಿದ ಮೇಲೆ ಅವನ ಎಡಗೈ ಹೊರಸಿನ ಕಟ್ಟಿಗೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂಬತ್ತನೆಯ ಹಾಡಿನ ತನಕ ಎಲ್ಲ ಸರಿಯಾಗಿತ್ತು. ಮಳೆಯಲ್ಲಿ ಕುರಿಮರಿಯೊಂದು ಕಳೆದುಹೋಗುವ ಹಾಡು ಅದು.

"ಕೂಗ್ಯಾನ ಕುರಿಗಾರ ಗಂಟಲ ಹರಿವಂಗ" ಎಂದು ಓದಿ, ಮುಂದಿನ ಸಾಲು "ಕಂಬಳಿ ಒಳಗಿಟ್ಟು ಮನಿ ಕಡಿ ನಡೆದಾನ" ಎಂದು ಓದಿದೆ. ಅಪ್ಪನ ಕೈ ನಿಂತಿತು. ತಿರುಗಿ ಓದಿದೆ. ಮತ್ತೆ ಅಲ್ಲೇ ನಿಂತಿತು. ಅವನು ಬಾಯಿ ತೆರೆದು ತುಟಿ ಆಡಿಸಿದ, ಬರೀ ಉಸಿರು ಬಂತು.

ನಡುವೆ ಒಂದು ಸಾಲು ಬಿಟ್ಟುಹೋಗಿತ್ತು. ಮರಿ ಎಲ್ಲಿ ಸಿಕ್ಕಿತು ಎಂಬ ಸಾಲು. ಬಿಟ್ಟದ್ದು ಹೇಗೆಂದು ನನಗೆ ಆ ಕ್ಷಣವೇ ನೆನಪಾಯಿತು. ಆ ಮಧ್ಯಾಹ್ನ ಮೇಸ್ತ್ರಿ ಬೆನ್ನ ಹಿಂದೆ ಬಂದು ನಿಂತು ತಮ್ಮ ಎಂದಿನ ಪ್ರಶ್ನೆ ಕೇಳಿದ್ದರು. ನಾನು ಮುಖ ತಿರುಗಿಸಿ ಉತ್ತರ ಕೊಡುವಷ್ಟರಲ್ಲಿ ಅಪ್ಪ ಮುಂದಿನ ಸಾಲಿಗೆ ಹೋಗಿದ್ದ. ಆಮೇಲೆ ಕೇಳಿದರಾಯಿತು ಎಂದುಕೊಂಡಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮೇಸ್ತ್ರಿ ಕಿಟಕಿಯಾಚೆ ನೋಡಲಿಲ್ಲ. ಜಮಖಂಡಿ ಸಮೀಪ ಬಂದಾಗ ಕೇಳಿದರು.

"ಆವತ್ತ ನಾ ನಿನ್ನ ಹಿಂದ ಬಂದ ನಿಂತಿದ್ನೇನ, ತಂಗಿ?"

"ಇಲ್ರಿ. ಫೋನ್ ಬಂದಿತ್ತು ನನಗ."

ಅವರು ಹೂಂ ಎಂದರು, ಅಷ್ಟೆ.

ಅಲ್ಲಿಂದ ಎರಡು ವರ್ಷ ಅವರು ಆ ಸಾಲು ಹುಡುಕಿದರು. ಬಸ್ಸು ಹತ್ತಲು ಅಂಜುವ ಮನುಷ್ಯ ತೇರದಾಳಕ್ಕೆ, ಬೀಳಗಿಗೆ, ಮುಧೋಳದ ಹಳ್ಳಿಗಳಿಗೆ ಹೋಗಿ ಡೊಳ್ಳಿನವರ ಮನೆಯ ಮುಂದೆ ನಾಯಿಗೆ ಹೆದರಿ ದೂರ ನಿಂತು ಕೂಗುತ್ತಿದ್ದರು. ಎಲ್ಲರೂ ಒಂದೊಂದು ಸಾಲು ಹೇಳಿದರು. ಬನ್ನಿ ಗಿಡದ ಬುಡದಲ್ಲಿ ಸಿಕ್ಕಿತು ಎಂದು ಒಬ್ಬರು, ಹಳ್ಳದ ಮಡುವಿನ ದಂಡೆಯಲ್ಲಿ ಎಂದು ಇನ್ನೊಬ್ಬರು, ಬೀರಪ್ಪನ ಗುಡಿಯಲ್ಲಿ ಬೆಚ್ಚಗೆ ಮಲಗಿತ್ತು ಎಂದು ಮತ್ತೊಬ್ಬರು. ಅಮಾವಾಸ್ಯೆಯ ಪೂಜೆ ಮುಗಿದ ಕೂಡಲೇ ನಾವಿಬ್ಬರೂ ಊರಿಗೆ ಹೋಗುವೆವು. ಅವರು ಹೊರಸಿನ ಪಕ್ಕ ನಿಂತು ಹೊಸ ಸಾಲನ್ನು ಸೇರಿಸಿ ಓದುವರು. ಅಪ್ಪ ಎಡಗೈಯನ್ನು ಅಡ್ಡ ಆಡಿಸುವನು, ಅದಲ್ಲ.

ಒಮ್ಮೆ ನಾನು ಬೇಸತ್ತು, ಗುಡಿಯ ಸಾಲೇ ಚೆನ್ನಾಗಿದೆ, ಅದನ್ನೇ ಹಾಕಿ ಮುಗಿಸೋಣ ಎಂದೆ.

"ಛಲೋ ಐತಿ ಖರೆ" ಎಂದರು. "ನಿಮ್ಮಪ್ಪಂದಲ್ಲಲ್ಲ."

ಅಪ್ಪ ಅವರ ದಾರಿ ಕಾಯತೊಡಗಿದ. ಅಮಾವಾಸ್ಯೆ ಬಂತೆಂದರೆ ಮುಂಜಾನೆಯೇ ಕ್ಷೌರ ಮಾಡಿಸು ಎಂದು ಕೆನ್ನೆ ತೋರಿಸುವನೆಂದು ಅತ್ತಿಗೆ ಹೇಳುತ್ತಿದ್ದಳು. ಇಬ್ಬರಿಗೂ ಮಾತಿಲ್ಲದ ಒಂದು ದೋಸ್ತಿ ಬೆಳೆದಿತ್ತು. ಒಬ್ಬರಿಗೆ ಕಿವಿ ಮಂದ, ಒಬ್ಬನಿಗೆ ಬಾಯಿಲ್ಲ. ನಾನು ನಡುವೆ ಕೂತು ಚಹಾ ಕುಡಿಯುತ್ತಿದ್ದೆ.

ಮೇಸ್ತ್ರಿ ಎದೆನೋವು ಬಂದು ಒಂದೇ ದಿನದಲ್ಲಿ ಹೋದರು. ಮನೆಯವರನ್ನು ಮಾತಾಡಿಸಲು ರಬಕವಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತರು.

"ನಿನ್ನ ಬಗ್ಗೆ ಭಾಳ ಹೇಳತಿದ್ರವಾ. ಆ ಹುಡುಗಿಗಿ ಸುಳ್ಳ ಹೇಳಾಕ ಬರೂದಿಲ್ಲ, ಬಸ್ಸಿನ್ಯಾಗ ನನ್ನ ಸಲುವಾಗಿ ಒಂದ ಹೇಳ್ತು ಅಂತ."

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಅವರ ಓಣಿಯ ಮಗ್ಗಗಳ ಸದ್ದಿನಲ್ಲಿ ಅತ್ತೆ.

ಮೊನ್ನೆಯ ಅಮಾವಾಸ್ಯೆಗೆ ಒಬ್ಬಳೇ ಊರಿಗೆ ಹೋದೆ. ಹೇಗೆ ಹೇಳುವುದು, ಹೇಳಿದರೆ ಅಪ್ಪನಿಗೆ ಮತ್ತೇನಾದರೂ ಆದರೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಪ್ಪ ಕ್ಷೌರ ಮಾಡಿಸಿಕೊಂಡು ಕೂತಿದ್ದ. ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಮೇಸ್ತ್ರಿ ಇನ್ನ ಬರಂಗಿಲ್ಲಪ್ಪಾ" ಎಂದೆ. "ತೀರಿಕೊಂಡ್ರು."

ಅಪ್ಪನ ಎಡಗೈ ಹೊರಸಿನ ಕಟ್ಟಿಗೆಯ ಮೇಲೆ ಹೋಯಿತು. ತಾಳ ಕೇಳಿ ಒಂಬತ್ತನೆಯ ಹಾಡೆಂದು ಗೊತ್ತಾಯಿತು, ಜೊತೆಗೆ ಓದತೊಡಗಿದೆ. ಕುರಿಗಾರ ಕೂಗಿದ ಸಾಲು ಮುಗಿದಲ್ಲಿ ನಾನು ನಿಂತೆ. ಅಪ್ಪನ ಕೈ ನಿಲ್ಲಲಿಲ್ಲ. ಬಿಟ್ಟುಹೋದ ಸಾಲಿಗೆ ಎಷ್ಟು ಪೆಟ್ಟು ಬೇಕೋ ಅಷ್ಟನ್ನೂ ಒಂದೊಂದಾಗಿ ಹಾಕಿ ದಾಟಿ, ಕಂಬಳಿಯ ಸಾಲಿಗೆ ಬಂದು, ಓದದೆ ಯಾಕೆ ಕೂತೆ ಎಂಬಂತೆ ನನ್ನ ಮುಖ ನೋಡಿದ.